ಒಂದೇ ತಾಯಿಯ ಮಕ್ಕಳಲ್ಲಿ ಒಂದಕ್ಕೆ ಮಾತ್ರ ರೆಕ್ಕೆ: ಜಿಗಿಹುಳು ಹಾರಬೇಕೋ ಬೇಡವೋ ಎಂದು ತೀರ್ಮಾನವಾಗುವುದು ಎಲ್ಲಿ?

ನವೆಂಬರಿನಲ್ಲಿ ಆಲೂರು ಕಡೆಯ ಪರಿಚಯದ ರೈತರೊಬ್ಬರು ಎರಡು ಫೋಟೊ ಕಳಿಸಿದರು. ಒಂದು ಹಗಲು ತೆಗೆದದ್ದು. ಭತ್ತದ ಬುಡದಲ್ಲಿ, ನೀರಿನಿಂದ ನಾಲ್ಕು ಬೆರಳು ಮೇಲೆ, ಗುಂಡು ಹೊಟ್ಟೆಯ ಕಂದು ಹುಳು. ಅದರ ರೆಕ್ಕೆ ತುಂಡುತೋಳಿನ ಅಂಗಿಯ ಹಾಗೆ ಅರ್ಧ ಬೆನ್ನಿಗೇ ನಿಂತಿತ್ತು. ಇನ್ನೊಂದು ಅದೇ ರಾತ್ರಿ ಜಗುಲಿಯ ಬಲ್ಬಿನ ಕೆಳಗೆ ತೆಗೆದದ್ದು. ಸಪೂರ ಮೈ, ಹೊಟ್ಟೆಯ ತುದಿಯನ್ನೂ ದಾಟಿ ಹಿಂದಕ್ಕೆ ಚಾಚಿದ ಗಾಜಿನಂಥ ರೆಕ್ಕೆ. ಜೊತೆಗೊಂದು ಪ್ರಶ್ನೆ: "ಇವೆರಡೂ ಬೇರೆ ಬೇರೆ ಹುಳ ಅಲ್ವಾ ಸಾರ್? ಎರಡಕ್ಕೂ ಬೇರೆ ಬೇರೆ ಔಷಧಿ ಹೊಡೀಬೇಕಾ?"

ಅಲ್ಲ. ಎರಡೂ ಒಂದೇ ಹುಳು, ಕಂದು ಜಿಗಿಹುಳು. ವಿಜ್ಞಾನದ ಹೆಸರು ನಿಲಪರ್ವತ ಲುಗೆನ್ಸ್. ಅವೆರಡೂ ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಅಕ್ಕತಂಗಿಯರೂ ಆಗಿರಬಹುದು. ಒಬ್ಬಳಿಗೆ ಹಾರಲು ಬರುತ್ತದೆ, ಇನ್ನೊಬ್ಬಳಿಗೆ ಬರುವುದಿಲ್ಲ. ಈ ವ್ಯತ್ಯಾಸ ಬಂದದ್ದು ಅಪ್ಪ ಅಮ್ಮ ಕೊಟ್ಟ ಜೀನುಗಳಿಂದಲ್ಲ, ಬೆಳೆದ ಗದ್ದೆಯ ಸ್ಥಿತಿಯಿಂದ. ಇದು ಹೇಗೆ ಸಾಧ್ಯ ಎಂದು ಗೊತ್ತಾದರೆ ಗದ್ದೆಯಲ್ಲಿ ಹುಳು ನೋಡುವ ಕಣ್ಣೇ ಬದಲಾಗುತ್ತದೆ. ಹಾಗಾಗಿ ಬುಡದಿಂದಲೇ ಹೇಳುತ್ತೇನೆ.

ಎರಡು ಮೈ, ಎರಡು ಕಸುಬು

ರೆಕ್ಕೆ ಎಂದರೆ ಖರ್ಚು. ರೆಕ್ಕೆಯಷ್ಟೇ ಅಲ್ಲ, ಅದನ್ನು ಬಡಿಯಲು ಎದೆಯಲ್ಲಿ ದಪ್ಪ ಸ್ನಾಯು ಬೇಕು, ಆ ಸ್ನಾಯುವಿಗೆ ಉರುವಲು ಬೇಕು. ಅಲ್ಲಿಗೆ ಹೋದ ಆಹಾರ ಮೊಟ್ಟೆಗೆ ಸಿಗುವುದಿಲ್ಲ. ಮೋಟು ರೆಕ್ಕೆಯ ಹೆಣ್ಣು ಈ ಖರ್ಚನ್ನು ಉಳಿಸಿ ಎಲ್ಲವನ್ನೂ ಮೊಟ್ಟೆಗೆ ಹಾಕುತ್ತದೆ. ಹಾಗಾಗಿ ಅದು ಬೇಗ ಮೊಟ್ಟೆ ಇಡಲು ಶುರುಮಾಡುತ್ತದೆ, ಹೆಚ್ಚು ಮೊಟ್ಟೆಯನ್ನೂ ಇಡುತ್ತದೆ. ಉದ್ದ ರೆಕ್ಕೆಯದು ತಡವಾಗಿ, ಕಡಿಮೆ ಇಡುತ್ತದೆ. ಆದರೆ ಅದು ಗದ್ದೆ ಬಿಟ್ಟು ಹೋಗಬಲ್ಲದು.

ಎಷ್ಟು ದೂರ? ಜಪಾನಿನ ಚಳಿಗಾಲವನ್ನು ಈ ಹುಳು ದಾಟಲಾರದು. ಆದರೂ ಪ್ರತಿವರ್ಷ ಅಲ್ಲಿನ ಗದ್ದೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 1967ರಲ್ಲಿ ಜಪಾನಿನ ದಕ್ಷಿಣಕ್ಕೆ, ದಡದಿಂದ ನೂರಾರು ಕಿಲೋಮೀಟರ್ ದೂರದ ನಡುಗಡಲಲ್ಲಿ ನಿಂತಿದ್ದ ಹವಾಮಾನ ನೌಕೆಯೊಂದಕ್ಕೆ ಜಿಗಿಹುಳುಗಳು ಹಿಂಡುಹಿಂಡಾಗಿ ಮುತ್ತಿಕೊಂಡವು. ಅಕ್ಕಿಕಾಳಿಗಿಂತ ಚಿಕ್ಕ ಹುಳು ಗಾಳಿಯ ಮೇಲೇರಿ ಸಮುದ್ರ ದಾಟುತ್ತಿದೆ ಎಂಬುದು ಕಣ್ಣಿಗೇ ಕಂಡಿತು. ಸಮುದ್ರ ದಾಟುವ ಹುಳುವಿಗೆ ಗೊರೂರಿನ ನಾಲೆ ಬಯಲಿನ ಒಂದು ಗದ್ದೆಯಿಂದ ಮತ್ತೊಂದಕ್ಕೆ ಹೋಗುವುದು ಯಾವ ಲೆಕ್ಕ.

ಗದ್ದೆಯೊಳಗೆ ನಡೆಯುವುದು ಇಷ್ಟು. ನಾಟಿಯಾದ ಕೆಲವು ವಾರಕ್ಕೆ ಉದ್ದ ರೆಕ್ಕೆಯವು ಬಂದು ಇಳಿಯುತ್ತವೆ. ಎಲೆಯ ಒರೆಯನ್ನು ಸೀಳಿ ಒಳಗೆ ಮೊಟ್ಟೆ ಸೇರಿಸುತ್ತವೆ. ಒಡೆದು ಬಂದ ಮರಿಗಳು ಐದು ಸಲ ಪೊರೆ ಕಳಚಿ ದೊಡ್ಡವಾಗುತ್ತವೆ. ಎಳೆ ಪೈರು, ಧಾರಾಳ ರಸ, ಬೇಕಾದಷ್ಟು ಜಾಗ ಇರುವ ಆ ಹೊತ್ತಿನಲ್ಲಿ ಬೆಳೆದ ಹೆಣ್ಣುಗಳು ಹೆಚ್ಚಾಗಿ ಮೋಟು ರೆಕ್ಕೆಯವಾಗುತ್ತವೆ. ತಿಂಗಳಿಗೊಂದು ತಲೆಮಾರಿನಂತೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಬುಡದಲ್ಲಿ ಹುಳು ಕಿಕ್ಕಿರಿಯುತ್ತದೆ. ತೆನೆ ಹಾಲುಗಟ್ಟಿ ಬಲಿಯುವ ಹೊತ್ತಿಗೆ ಹುಟ್ಟಿದವುಗಳಲ್ಲಿ ಉದ್ದ ರೆಕ್ಕೆಯವು ಏರುತ್ತವೆ. ಬಲ್ಬಿಗೆ ಮುತ್ತುವುದು ಇವೇ. ಅಷ್ಟರಲ್ಲಿ ಗದ್ದೆಯ ನಡುವೆ ಬೆಂಕಿ ತಗುಲಿದಂತೆ ದುಂಡನೆಯ ಮಚ್ಚೆ ಬಿದ್ದಿರುತ್ತದೆ.

ಇದು ನಮಗೆ ತೀರ ಹೊಸ ಸಂಗತಿಯೂ ಅಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಈಸಲು ಹುಳು ಏಳುವುದನ್ನು ಯಾರು ನೋಡಿಲ್ಲ? ಒಳಗೆ ಮಣ್ಣು ಹೊರುವ ರೆಕ್ಕೆಯಿಲ್ಲದ ಗೆದ್ದಲೂ ಹೊರಗೆ ಹಾರುವ ಈಸಲೂ ಒಂದೇ ಮನೆಯ ಮಕ್ಕಳು.

ಜೀನು ಒಂದೇ ಇದ್ದು ರೂಪ ಎರಡಾಗುವುದು ಹೇಗೆ?

ಜೀನು ಎಂದರೆ ಡಿಎನ್‌ಎ ಎಂಬ ಉದ್ದನೆಯ ದಾರದ ಮೇಲೆ ಬರೆದಿಟ್ಟ ಸೂಚನೆ. ಮೈಯ ಒಂದೊಂದು ಜೀವಕೋಶದಲ್ಲೂ ಎಲ್ಲ ಸೂಚನೆಗಳೂ ಇರುತ್ತವೆ, ಆದರೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ನಮ್ಮ ಕಣ್ಣಿನ ಕೋಶದಲ್ಲೂ ಉಗುರಿನ ಸೂಚನೆ ಇದೆ, ಅದು ಅಲ್ಲಿ ಮುಚ್ಚಿದೆ ಅಷ್ಟೆ.

ಕಾಫಿ ತೋಟದಲ್ಲಿ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕುವುದನ್ನು ನೆನಪಿಸಿಕೊಳ್ಳಿ. ಮೋಟಾರು ಒಂದೇ, ಹೂತಿಟ್ಟ ಪೈಪ್‌ಲೈನು ಒಂದೇ. ಯಾವ ಬ್ಲಾಕಿಗೆ ನೀರು ಹೋಗಬೇಕು ಎಂಬುದು ಗೇಟ್ ವಾಲ್ವ್ ಕೈಲಿದೆ. ವಾಲ್ವ್ ತಿರುಗಿಸಿದರೆ ಪೈಪ್‌ಲೈನಿನ ನಕ್ಷೆ ಬದಲಾಗುವುದಿಲ್ಲ, ಆದರೆ ಹೂವಾಗುವ ಬ್ಲಾಕು ಬದಲಾಗುತ್ತದೆ. ಜೀನಿನ ಬರಹಕ್ಕೆ ಕೈಹಚ್ಚದೆ ಯಾವುದು ಓಡಬೇಕು, ಯಾವುದು ನಿಲ್ಲಬೇಕು ಎಂದು ನಡೆಸುವ ಈ ವಾಲ್ವುಗಳ ವ್ಯವಸ್ಥೆಯೇ ಎಪಿಜೆನೆಟಿಕ್ಸ್. ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿ ಈ ವಿಚಾರಕ್ಕೆ ಹೆಸರು ಕೊಟ್ಟರು.

ವಾಲ್ವುಗಳಲ್ಲಿ ಮುಖ್ಯವಾದವು ಮೂರು ಬಗೆ. ಡಿಎನ್‌ಎ ಮೇಲೆಯೇ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಸುವುದು ಒಂದು. ಎರಡನೆಯದು ದಾರವನ್ನು ಸುತ್ತಿಡುವ ರೀತಿ. ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿಟ್ಟ ಪೈಪಿನ ಸುರುಳಿಯಲ್ಲಿ ನೀರು ಹೋಗದ ಹಾಗೆ ಬಿಗಿ ಸುತ್ತಿನಲ್ಲಿರುವ ಜೀನು ಓಡುವುದಿಲ್ಲ, ಸಡಿಲಾದರೆ ಓಡುತ್ತದೆ. ಮೂರನೆಯದು ನನಗೆ ಬಹಳ ಹಿಡಿಸಿದ್ದು, ಮೈಕ್ರೋ ಆರ್‌ಎನ್‌ಎ. ಎಸ್ಟೇಟಿನ ರೈಟರು ಮೇಸ್ತ್ರಿಗೆ ಕೆಲಸದ ಚೀಟಿ ಬರೆದು ಕಳಿಸುತ್ತಾರೆ ಎನ್ನಿ. ಚೀಟಿ ದಾರಿಯಲ್ಲೇ ಹರಿದುಹೋದರೆ? ಅಪ್ಪಣೆ ಹೊರಟದ್ದು ನಿಜ, ಕೆಲಸ ಮಾತ್ರ ಆಗಲಿಲ್ಲ. ಜೀನಿನಿಂದ ಹೊರಟ ಅಪ್ಪಣೆಯ ಚೀಟಿಯನ್ನು ಹೀಗೆ ನಡುದಾರಿಯಲ್ಲಿ ತಡೆಯುವ ಚಿಕ್ಕ ಚಿಕ್ಕ ತುಣುಕುಗಳೇ ಮೈಕ್ರೋ ಆರ್‌ಎನ್‌ಎ.

ಇವು ಕೀಟದ ರೂಪವನ್ನೇ ಬದಲಿಸಬಲ್ಲವು ಎಂಬುದಕ್ಕೆ ಜೇನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ರಾಣಿಯಾಗುವ ಮರಿಗೂ ಕೆಲಸಗಾರ್ತಿಯಾಗುವ ಮರಿಗೂ ಹುಟ್ಟಿನಲ್ಲಿ ಭೇದವಿಲ್ಲ, ಉಣಿಸುವ ಆಹಾರದಲ್ಲಿ ಭೇದ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆಗತಾನೆ ಒಡೆದ ಜೇನುಮರಿಗಳಲ್ಲಿ ಮೀಥೈಲ್ ಗುರುತು ಅಂಟಿಸುವ ಕಿಣ್ವವೊಂದನ್ನು ತಗ್ಗಿಸಿದರು. ಬೆಳೆದು ಹೊರಬಂದವುಗಳಲ್ಲಿ ಹೆಚ್ಚಿನವು ರಾಣಿಯಂಥ ಅಂಡಾಶಯ ಪಡೆದಿದ್ದವು. ಜೀನಿನ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಜಿಗಿಹುಳುವಿನೊಳಗಿನ ಎರಡು ಬಾಗಿಲು

ಜಿಗಿಹುಳುವಿನ ರೆಕ್ಕೆಯ ವಾಲ್ವ್ ಎಲ್ಲಿದೆ ಎಂದು ಸ್ಪಷ್ಟವಾದದ್ದು 2015ರಲ್ಲಿ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ತಂಡವೊಂದು ಅದನ್ನು ಕಂಡುಹಿಡಿಯಿತು. ಉತ್ತರ ಇದ್ದದ್ದು ನಮಗೆಲ್ಲ ಸಕ್ಕರೆ ಕಾಯಿಲೆಯಿಂದ ಪರಿಚಯವಾದ ಹೆಸರಿನಲ್ಲಿ: ಇನ್ಸುಲಿನ್.

ಹುಳುವಿನ ಮಿದುಳು ಇನ್ಸುಲಿನ್‌ನಂಥ ಹಾರ್ಮೋನನ್ನು ಬಿಡುತ್ತದೆ. ಅದು ಜೀವಕೋಶದೊಳಗೆ ಸುದ್ದಿ ಮುಟ್ಟಿಸಲು ಬಾಗಿಲು ಬೇಕು, ಅದೇ ಗ್ರಾಹಕ. ಜಿಗಿಹುಳುವಿನಲ್ಲಿ ಈ ಗ್ರಾಹಕ ಎರಡು ಬಗೆ. ಒಂದನೆಯ ಗ್ರಾಹಕ ಕೆಲಸ ಮಾಡಿದರೆ ಬೆಳವಣಿಗೆಯ ಸುದ್ದಿ ಒಳಗೆ ಹೋಗುತ್ತದೆ. ಫಾಕ್ಸೋ ಎಂಬ ತಡೆಗಾರ ಪ್ರೋಟೀನು ಜೀವಕೋಶದ ಕೇಂದ್ರದಿಂದ ಹೊರಗೇ ಉಳಿಯುತ್ತದೆ. ರೆಕ್ಕೆಯ ಜೀನುಗಳು ಓಡುತ್ತವೆ, ಉದ್ದ ರೆಕ್ಕೆ ಬೆಳೆಯುತ್ತದೆ. ಎರಡನೆಯ ಗ್ರಾಹಕ ಹೆಸರಿಗೆ ಬಾಗಿಲು, ಮಾಡುವುದು ಮೊದಲನೆಯದನ್ನು ಅದುಮುವ ಕೆಲಸ. ಅದರ ಕೈ ಮೇಲಾದಾಗ ಫಾಕ್ಸೋ ಕೇಂದ್ರದೊಳಗೆ ನುಗ್ಗಿ ರೆಕ್ಕೆಯ ಕೆಲಸ ನಿಲ್ಲಿಸುತ್ತದೆ, ಮೋಟು ರೆಕ್ಕೆಯಾಗುತ್ತದೆ. ಸಂಶೋಧಕರು ಒಂದನೆಯದನ್ನು ಅಡಗಿಸಿದಾಗ ಮರಿಗಳು ಮೋಟು ರೆಕ್ಕೆಯವಾದವು, ಎರಡನೆಯದನ್ನು ಅಡಗಿಸಿದಾಗ ಉದ್ದ ರೆಕ್ಕೆಯವಾದವು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಹಾರ್ಮೋನು, ಗ್ರಾಹಕಗಳ ಈ ಸರಪಳಿಯನ್ನು ಇಡಿಯಾಗಿ ಎಪಿಜೆನೆಟಿಕ್ಸ್ ಎಂದು ಕರೆಯುವುದು ಸರಿಯಲ್ಲ. ಇದು ಗದ್ದೆಯ ಸುದ್ದಿಯನ್ನು ಒಳಗೆ ಒಯ್ಯುವ ದಾರಿ. ಆ ದಾರಿಯಲ್ಲಿ ಕೂತು ಬಿಗಿಮಾಡುವ, ಸಡಿಲಿಸುವ ಮೈಕ್ರೋ ಆರ್‌ಎನ್‌ಎ ಇತ್ಯಾದಿಗಳು ಎಪಿಜೆನೆಟಿಕ್ಸ್‌ನ ಪಾಲು. 2019ರಲ್ಲಿ ಪ್ರಕಟವಾದ ಕೆಲಸವೊಂದು ಅದನ್ನು ತೋರಿಸಿತು. ಮಿರ್-34 ಎಂಬ ಮೈಕ್ರೋ ಆರ್‌ಎನ್‌ಎ ಒಂದನೆಯ ಗ್ರಾಹಕದ ಚೀಟಿಯನ್ನೇ ಹಿಡಿದು ತಡೆಯುತ್ತದೆ. ಉದ್ದ ರೆಕ್ಕೆಯಾಗಬೇಕಿದ್ದ ಮರಿಗಳಿಗೆ ಅದನ್ನು ಹೆಚ್ಚಾಗಿ ಚುಚ್ಚಿದಾಗ ಅವು ಮೋಟು ರೆಕ್ಕೆಯ ಕಡೆ ತಿರುಗಿದವು. ಮರಿತನವನ್ನು ಕಾಯುವ ಬಾಲ ಹಾರ್ಮೋನು ಏರಿದಾಗ ಈ ಮಿರ್-34 ಕೂಡ ಏರುತ್ತದೆ, ಮೋಟು ರೆಕ್ಕೆಯವು ಹೆಚ್ಚುತ್ತವೆ.

ಹಾಗಾದರೆ ಹೊರಗಿನ ಗದ್ದೆಯ ಸುದ್ದಿ ಯಾವ ರೂಪದಲ್ಲಿ ಬರುತ್ತದೆ? ಒಂದು, ನೂಕುನುಗ್ಗಲು. ಬುಡದಲ್ಲಿ ಮರಿಗಳು ಕಿಕ್ಕಿರಿದಷ್ಟೂ ಉದ್ದ ರೆಕ್ಕೆಯವು ಹೆಚ್ಚು. ಇನ್ನೊಂದು ಪೈರಿನ ರಸ. ಭತ್ತ ಬಲಿಯುತ್ತ ಹೋದಂತೆ ಗಿಡದಲ್ಲಿ ಗ್ಲೂಕೋಸ್ ಏರುತ್ತದೆ, ಆ ರಸ ಕುಡಿದು ಬೆಳೆದ ಮರಿಗಳಲ್ಲಿ ಉದ್ದ ರೆಕ್ಕೆಯವು ಹೆಚ್ಚಾಗುತ್ತವೆ ಎಂದು 2018ರ ಅಧ್ಯಯನವೊಂದು ತೋರಿಸಿತು. ನಾವು ತೆನೆ ಕಚ್ಚಿ ನೋಡಿ ಬಲಿತಿದೆಯೋ ಇಲ್ಲವೋ ಎಂದು ಹೇಳುತ್ತೇವಲ್ಲ, ಹುಳು ರಸದ ಸಿಹಿಯಿಂದ ಅದನ್ನೇ ತಿಳಿಯುತ್ತದೆ. ಸಿಹಿ ಏರಿತು ಎಂದರೆ ಕೊಯ್ಲು ಹತ್ತಿರ, ಹೊರಡುವ ಹೊತ್ತು. ಹುಳು ಕೂತು ಯೋಚಿಸುತ್ತದೆ ಎಂದಲ್ಲ. ಹೀಗೆ ತಿರುಗಿದ ಹುಳುಗಳ ಸಂತಾನವೇ ಲಕ್ಷಾಂತರ ವರ್ಷದಲ್ಲಿ ಉಳಿದು ಬಂತು, ಹಾಗಾಗಿ ಈ ಜೋಡಣೆ ಮೈಯೊಳಗೆ ಗಟ್ಟಿಯಾಗಿದೆ.

ಒಂದು ಮಿತಿ ಇದೆ. ಇದೆಲ್ಲ ನಡೆಯುವುದು ಮರಿಯ ಹಂತದಲ್ಲಿ ಮಾತ್ರ. ಕೊನೆಯ ಪೊರೆ ಕಳಚಿದ ಮೇಲೆ ಮೋಟು ರೆಕ್ಕೆ ಬೆಳೆದು ಉದ್ದವಾಗುವುದಿಲ್ಲ.

ಅಮ್ಮನಿಗೆ ಆದ ಇಕ್ಕಟ್ಟು, ಮಗಳಿಗೆ ಬಂದ ರೆಕ್ಕೆ

ಜಿಗಿಹುಳುವಿನಲ್ಲಿ ಮರಿ ತಾನು ಕಂಡದ್ದಕ್ಕೆ ತಾನೇ ಬದಲಾಗುತ್ತದೆ. ಸಸ್ಯಹೇನಿನ ಕಥೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅವರೆ, ಅಲಸಂದೆಯ ಕುಡಿಯಲ್ಲಿ ಕಪ್ಪಗೆ, ಆಲೂಗಡ್ಡೆ ಎಲೆಯ ಅಡಿಯಲ್ಲಿ ಹಸಿರಾಗಿ ಗುಂಪುಗೂಡುವ ಹೇನು ಇದೇ. ಬೇಸಾಯದ ಕಾಲದಲ್ಲಿ ಹೆಣ್ಣು ಹೇನಿಗೆ ಗಂಡು ಬೇಕಿಲ್ಲ, ಮೊಟ್ಟೆಯೂ ಬೇಕಿಲ್ಲ, ನೇರ ಮರಿ ಹಾಕುತ್ತದೆ. ಮರಿಗಳೆಲ್ಲ ತಾಯಿಯ ಪಡಿಯಚ್ಚು. ಇನ್ನೂ ಸೋಜಿಗವೆಂದರೆ ತಾಯಿಯ ಹೊಟ್ಟೆಯಲ್ಲಿರುವ ಮರಿಯ ಹೊಟ್ಟೆಯಲ್ಲೂ ಆಗಲೇ ಭ್ರೂಣ ಬೆಳೆಯತೊಡಗಿರುತ್ತದೆ. ಅಜ್ಜಿ, ತಾಯಿ, ಮೊಮ್ಮಗಳು ಮೂವರೂ ಒಂದೇ ಮೈಯಲ್ಲಿ.

ಬಟಾಣಿ ಹೇನಿನಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ರೆಕ್ಕೆಯಿಲ್ಲದ ತಾಯಿಯನ್ನು ಇಕ್ಕಟ್ಟಿನಲ್ಲಿ, ಮೈಗೆ ಮೈ ತಾಗುವಂತೆ ಇಟ್ಟರೆ ಅದು ಮುಂದೆ ಹಾಕುವ ಮರಿಗಳಲ್ಲಿ ರೆಕ್ಕೆಯವು ಹೆಚ್ಚುತ್ತವೆ. ಇಕ್ಕಟ್ಟು ಕಂಡದ್ದು ತಾಯಿ, ರೆಕ್ಕೆ ಮೂಡಿದ್ದು ಮಗಳಿಗೆ. ಎಕ್ಡೈಸೋನ್ ಎಂಬ ಪೊರೆ ಕಳಚಿಸುವ ಹಾರ್ಮೋನಿನ ಸಂಕೇತ ಇಕ್ಕಟ್ಟಿನಲ್ಲಿದ್ದ ತಾಯಿಯಲ್ಲಿ ತಗ್ಗುತ್ತದೆ, ಆ ತಗ್ಗುವಿಕೆಯೇ ಹೊಟ್ಟೆಯ ಮರಿಗೆ ಮುಟ್ಟುವ ಸುದ್ದಿ ಎಂದು 2017ರಲ್ಲಿ ಗೊತ್ತಾಯಿತು. ಗುಲಗಂಜಿ ಹುಳು ದಾಳಿ ಮಾಡಿದಾಗ ಹೇನುಗಳು ಬಿಡುವ ಅಪಾಯದ ವಾಸನೆಯಿಂದಲೂ ರೆಕ್ಕೆಯ ಮರಿಗಳು ಹೆಚ್ಚುತ್ತವೆ.

ಕಿತ್ತಳೆ ಗಿಡದ ಕಂದು ಹೇನಿನಲ್ಲೂ ಒಂದು ಮೈಕ್ರೋ ಆರ್‌ಎನ್‌ಎ ಸಿಕ್ಕಿದೆ, ಹೆಸರು ಮಿರ್-9ಬಿ. ಹೇನು ಕಿಕ್ಕಿರಿದಾಗ ಇದು ತಗ್ಗುತ್ತದೆ. ತಡೆಯುವವನು ಇಲ್ಲವಾದ ಮೇಲೆ ಇನ್ಸುಲಿನ್ ಸಂಕೇತ ಜೋರಾಗಿ ರೆಕ್ಕೆಯ ಮರಿಗಳು ಹೆಚ್ಚುತ್ತವೆ. ಜಿಗಿಹುಳುವಿನಿಂದ ಬಹಳ ದೂರದ ಸಂಬಂಧಿಯಾದ ಹೇನಿನಲ್ಲೂ ಅದೇ ಇನ್ಸುಲಿನ್ ದಾರಿ, ಅದೇ ಚೀಟಿ ಹರಿಯುವ ಉಪಾಯ! ಡಿಎನ್‌ಎ ಮೇಲೆ ಮೀಥೈಲ್ ಗುರುತು ಅಂಟಿಸುವ ವ್ಯವಸ್ಥೆಯೂ ಬಟಾಣಿ ಹೇನಿನಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿದೆ ಎಂದು 2010ರಲ್ಲೇ ತಿಳಿಯಿತು. ಹಣ್ಣುನೊಣದಲ್ಲಿ ಆ ಗುರುತು ಅಂಟಿಸುವ ಮುಖ್ಯ ಕಿಣ್ವಗಳೇ ಇಲ್ಲ. ಕೀಟವೆಲ್ಲ ಒಂದೇ ಎಂದುಕೊಳ್ಳುವ ಹಾಗಿಲ್ಲ.

ಎಲ್ಲವೂ ಪರಿಸರದ್ದೇ ಎಂದೂ ಅಲ್ಲ. ಬಟಾಣಿ ಹೇನಿನ ಹೆಣ್ಣಿಗೆ ರೆಕ್ಕೆ ಬರುವುದು ಇಕ್ಕಟ್ಟಿನಿಂದ. ಅದೇ ಜಾತಿಯ ಗಂಡಿಗೆ ರೆಕ್ಕೆ ಬರುವುದು, ಬಾರದಿರುವುದು ಜೀನಿನಿಂದಲೇ ನಿರ್ಧಾರ.

ಜಲಂಧರಿನ ಬಿತ್ತನೆ ಗಡ್ಡೆ, ಸಕಲೇಶಪುರದ ಕಟ್ಟೆ ರೋಗ

ಹಾಸನದ ಎಪಿಎಂಸಿಗೆ ಏಪ್ರಿಲ್ ಮೇ ತಿಂಗಳಲ್ಲಿ ಲಾರಿಗಟ್ಟಲೆ ಬಿತ್ತನೆ ಆಲೂಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಏಕೆ ಬರುತ್ತದೆ? ಕಾರಣಗಳು ಹಲವು, ಅದರಲ್ಲಿ ದೊಡ್ಡದೊಂದು ಹೇನಿನ ರೆಕ್ಕೆ. ಹೇನು ರಸ ಹೀರಿ ಮಾಡುವ ನಷ್ಟಕ್ಕಿಂತ ಅದು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವ ವೈರಸ್ಸಿನ ನಷ್ಟ ದೊಡ್ಡದು. ಎಲೆ ಸುರುಳಿಯಾಗುವ ರೋಗದ ವೈರಸ್ ಗಡ್ಡೆಯೊಳಗೂ ಸೇರುತ್ತದೆ. ಆ ಗಡ್ಡೆ ಬಿತ್ತಿದರೆ ಗಿಡ ಹುಟ್ಟುತ್ತಲೇ ರೋಗಿ. ರೆಕ್ಕೆಯಿಲ್ಲದ ಹೇನು ಹೆಚ್ಚೆಂದರೆ ಪಕ್ಕದ ಗಿಡಕ್ಕೆ ತೆವಳೀತು, ರೆಕ್ಕೆಯದು ಹೊಲದಿಂದ ಹೊಲಕ್ಕೆ ಒಯ್ಯುತ್ತದೆ.

ಪಂಜಾಬಿನ ಬಯಲಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಹೇನು ತೀರ ಕಡಿಮೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಈ ಬಿಡುವನ್ನೇ ಬಳಸಿಕೊಂಡು ಬಿತ್ತನೆ ಬೆಳೆಯುವ ಪದ್ಧತಿ ರೂಪಿಸಿತು. ನೂರು ಸಂಯುಕ್ತ ಎಲೆಗೆ 20 ಹೇನು ಕಾಣುವ ಹೊತ್ತಿಗೆ ಗಡ್ಡೆ ನೆಲದಲ್ಲೇ ಬಿಟ್ಟು ಮೇಲಿನ ಗಿಡವನ್ನು ಕತ್ತರಿಸಿ ಹಾಕುತ್ತಾರೆ. ಹೇನು ಬಂದರೂ ಕೂರಲು ಎಲೆ ಇರುವುದಿಲ್ಲ. ಹಾಸನದ ಹೊಲದಲ್ಲಿ ಮೇಲೇಳುವ ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆಯ ಹಿಂದೆ ಈ ಲೆಕ್ಕಾಚಾರ ಇದೆ.

ಸಕಲೇಶಪುರ, ಮೂಡಿಗೆರೆ ಕಡೆಯ ಏಲಕ್ಕಿ ಬೆಳೆಗಾರರಿಗೆ ಕಟ್ಟೆ ರೋಗ ಎಂದರೆ ವಿವರಿಸಬೇಕಿಲ್ಲ. ಎಲೆಯಲ್ಲಿ ತಿಳಿಹಸಿರು ಗೀರು, ವರ್ಷದಿಂದ ವರ್ಷಕ್ಕೆ ಕುಗ್ಗುವ ಹಿಂಡಲು. ಇದೂ ವೈರಸ್ ರೋಗ, ಬೀಜದಿಂದ ಹರಡುವುದಿಲ್ಲ. ರೋಗದ ಗೆಡ್ಡೆ ನೆಟ್ಟರೆ ಬರುತ್ತದೆ, ಇಲ್ಲವೇ ಹೇನು ತರುತ್ತದೆ. ಆ ಹೇನು ಕಾಡುಕೆಸುವಿನ ಮೇಲೂ ಬದುಕುತ್ತದೆ. ಏಲಕ್ಕಿಯ ಮಗ್ಗುಲಲ್ಲಿ ಕೆಸು ಬೆಳೆಯಗೊಡಬೇಡಿ, ರೋಗದ ಗಿಡವನ್ನು ಬುಡಸಮೇತ ಬೇಗ ಕೀಳಿ ಎಂದು ಹೇಳುವುದು ಇದಕ್ಕೇ. ತೋಟದ ಹೊರಗಿನಿಂದ ಹಾರಿಬಂದ ರೆಕ್ಕೆಯ ಹೇನು ಮೊದಲ ಗಿಡಕ್ಕೆ ರೋಗ ಅಂಟಿಸುತ್ತದೆ, ಅಲ್ಲಿಂದ ಅದರ ಸಂತಾನ ಸುತ್ತಲಿಗೆ ಒಯ್ಯುತ್ತದೆ.

ಗದ್ದೆಗೆ ಇಳಿದಾಗ

ಇಷ್ಟು ತಿಳಿದ ಮೇಲೆ ರೆಕ್ಕೆಯ ಉದ್ದ ಒಂದು ಸುದ್ದಿಯಾಗಿ ಓದಲು ಬರುತ್ತದೆ. ಎಳೆ ಪೈರಿನ ಬುಡದಲ್ಲಿ ಮೋಟು ರೆಕ್ಕೆಯ ಗುಂಡು ಹೆಣ್ಣುಗಳು ಕಂಡರೆ, ಹುಳುವಿನ ಪಾಲಿಗೆ ಈ ಗದ್ದೆ ಸಮೃದ್ಧ, ಅದು ಇಲ್ಲೇ ನೆಲೆನಿಂತು ಸಂಸಾರ ಬೆಳೆಸುತ್ತಿದೆ. ಕೈ ಹಾಕಬೇಕಾದ ಹೊತ್ತು ಅದು. ಆದರೆ ಆಗ ಮೇಲಿಂದ ನೋಡಿದರೆ ಪೈರು ಕಪ್ಪುಹಸಿರಾಗಿ ಚೆಂದ ಕಾಣುತ್ತಿರುತ್ತದೆ, ಬಲ್ಬಿಗೂ ಹುಳು ಬರುವುದಿಲ್ಲ. ನಮ್ಮವರು ಮೋಸಹೋಗುವುದು ಇಲ್ಲೇ. ಬದುವಿನ ಮೇಲೆ ನಿಂತು ನೋಡಿದರೆ ಸಾಲದು, ಗದ್ದೆಯ ನಡುವಿಗೆ ಹೋಗಿ ಹತ್ತಿಪ್ಪತ್ತು ಬುಡ ಬಗ್ಗಿಸಿ ತಟ್ಟಬೇಕು. ನೀರಿನ ಮೇಲೆ ಬಿದ್ದದ್ದು ಕಾಣುತ್ತದೆ.

ಯೂರಿಯಾ ಒಮ್ಮೆಲೇ ಸುರಿದರೆ ರಸ ಹುಳುವಿಗೆ ಇನ್ನಷ್ಟು ಹಿತವಾಗಿ ಮೊಟ್ಟೆ, ಮರಿ ಎರಡೂ ಹೆಚ್ಚುತ್ತವೆ. ಕಂತುಕಂತಾಗಿ ಕೊಡುವುದು ಇದಕ್ಕೇ. ನಾಟಿ ಮಾಡುವಾಗ ಎರಡು ಮೂರು ಮೀಟರಿಗೊಮ್ಮೆ ಒಂದಡಿ ಜಾಗ ಬಿಟ್ಟರೆ ಬುಡಕ್ಕೆ ಗಾಳಿ ಬೆಳಕು ಆಡುತ್ತದೆ, ಹುಳುವಿಗೆ ಬೇಕಾದ ತಂಪು ನೆರಳು ಕಡಿಮೆಯಾಗುತ್ತದೆ. ಹುಳು ಕಂಡಾಗ ಮೂರು ನಾಲ್ಕು ದಿನ ನೀರು ಬಸಿಯುವುದೂ ಇದೇ ಲೆಕ್ಕ. ಔಷಧಿ ಬೇಕಾದರೆ ಅದು ಬುಡಕ್ಕೆ ತಲುಪಬೇಕು. ಯಾವುದು, ಎಷ್ಟು ಎಂಬುದನ್ನು ಕಂದಲಿಯ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಕಂಡಕಂಡದ್ದು ಸಿಂಪಡಿಸುವುದರ ಫಲ ಏನು ಎಂಬುದಕ್ಕೆ ಇಂಡೋನೇಷ್ಯಾದ ಅನುಭವ ಇದೆ. ಅಲ್ಲಿ ಔಷಧಿ ಹೆಚ್ಚಿದಷ್ಟೂ ಜಿಗಿಹುಳು ಹೆಚ್ಚಿತು. ಜಿಗಿಹುಳು ತಿನ್ನುವ ಜೇಡ, ಅದರ ಮೊಟ್ಟೆ ಹೀರುವ ತಿಗಣೆ ಮೊದಲು ಸಾಯುತ್ತಿದ್ದವು, ಎಲೆಯ ಒರೆಯೊಳಗಿನ ಮೊಟ್ಟೆ ಉಳಿಯುತ್ತಿತ್ತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನೇ ನಿಷೇಧಿಸಬೇಕಾಯಿತು. ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪಿನ ಔಷಧಿ ಭತ್ತಕ್ಕೆ ಹೊಡೆದ ಮೇಲೆ ಜಿಗಿಹುಳು ಮರುಕಳಿಸಿ ಏರುವುದು ನಮ್ಮಲ್ಲೂ ಗೊತ್ತಿರುವ ಸಂಗತಿ.

ಮಿರ್-34ರಂಥ ತುಣುಕನ್ನೇ ಬಳಸಿ ಹುಳುವಿನ ಜೀನು ಅಡಗಿಸುವ ಸಿಂಪರಣೆ ಬಂದೀತೇ ಎಂದು ಕೇಳುವವರಿದ್ದಾರೆ. ಇಂಥ ಆರ್‌ಎನ್‌ಎ ಸಿಂಪರಣೆಯ ಕೆಲಸ ಜಗತ್ತಿನಲ್ಲಿ ನಡೆಯುತ್ತಿದೆ. ರೆಕ್ಕೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ರೆಕ್ಕೆ ಬಾರದಂತೆ ಮಾಡಿದರೆ ಹುಳು ಬೇರೆಡೆಗೆ ಹೋಗುವುದು ನಿಲ್ಲುತ್ತದೆ, ಆದರೆ ಹೆಚ್ಚು ಮೊಟ್ಟೆ ಇಡುವ ಮೋಟು ರೆಕ್ಕೆಯದು ನಮ್ಮ ಗದ್ದೆಯಲ್ಲೇ ಉಳಿಯುತ್ತದೆ.

ಆಲೂರಿನ ಆ ರೈತರಿಗೆ ನಾನು ಬರೆದ ಉತ್ತರ ಚಿಕ್ಕದಿತ್ತು. ಎರಡೂ ಒಂದೇ ಹುಳ, ಎರಡು ಔಷಧಿ ಬೇಡ. ಬಲ್ಬಿನ ಕೆಳಗೆ ಬಿದ್ದದ್ದು ಎಲ್ಲೋ ಬಲಿತ ಗದ್ದೆಯೊಂದನ್ನು ಬಿಟ್ಟು ಹೊರಟದ್ದು, ಅದರ ಹಿಂದೆ ಹೋಗಬೇಡಿ. ಅದು ಹುಡುಕುತ್ತಿರುವುದು ಇನ್ನೂ ಹಸಿರಾಗಿರುವ ಪೈರನ್ನು. ನಿಮ್ಮಲ್ಲಿ ತಡವಾಗಿ ನಾಟಿಯಾದ ಗದ್ದೆ ಯಾವುದು? ನಾಳೆ ಬೆಳಿಗ್ಗೆ ಅದರ ಬುಡ ತಟ್ಟಿ ನೋಡಿ.

ಮಾರನೇ ದಿನ ಮೂರನೇ ಫೋಟೊ ಬಂತು. ಕೆರೆ ಕೆಳಗಿನ ತಡ ನಾಟಿಯ ರಾಜಮುಡಿ, ಇನ್ನೂ ಹೊಡೆಯಲ್ಲಿತ್ತು. ತಟ್ಟಿದ ಬುಡದ ನೀರಿನಲ್ಲಿ ಉದ್ದ ರೆಕ್ಕೆಯವು ಆರು. ಮೋಟು ರೆಕ್ಕೆಯದು ಒಂದೂ ಇರಲಿಲ್ಲ, ಎರಡು ಜೇಡ ಇದ್ದವು.